ಹತ್ತಿರದ ಹಕ್ಕಿಗೆ ಹರಡೋ ತೋಟಾ: ಓದುಗರ ಪ್ರಶ್ನೆಗಳು

ಹೋದ ಸಂಚಿಕೇಲಿ ಚೋಕ್ ಬಗ್ಗೆ ಬರೆದಿದ್ವಿ. ಕೋವಿ ನಳಿಗೆ ಬಾಯಿ ಹತ್ರ ಕೊನೇ ಎರಡು ಮೂರು ಇಂಚಲ್ಲಿ ಒಳಗಡೆ ಕೂದಲೆಳೆಯಷ್ಟು ಕಿರಿದಾಗಿರುತ್ತಲ್ಲ ಅದೇ ಚೋಕ್, ಚರೆ (ತೋಟಾ ಒಳಗಿನ ಸಣ್ಣ ಗುಂಡುಗಳು) ಒತ್ತಾಗಿ ಹೋಗುತ್ತಾ ಹರಡಿ ಹೋಗುತ್ತಾ ಅನ್ನೋದನ್ನ ತೀರ್ಮಾನ ಮಾಡೋದು ಅದೇ ಅಂತ. ಅದನ್ನ ಓದಿ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಪ್ರೆಡರ್ ತೋಟಾ (ಚರೆ ಬೇಗ ಹರಡೋ ಹಾಗೆ ಮಾಡಿದ ಕಾರ್ಟ್ರಿಜ್) ಅಂದ್ರೆ ಏನು, ನಮಗೆ ಉಪಯೋಗ ಉಂಟಾ ಅಂತ ಕೇಳಿವೆ. ಈ ಸಲ ಪೂರ್ತಿ ಅದಕ್ಕೇ ಮೀಸಲು. ಹೆಸರು ಹಾಕಬೇಡಿ ಅಂತ ಸುಮಾರು ಜನ ಬರೆದಿರೋದ್ರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಸರ್, ನಮ್ಮದು ಸಕಲೇಶಪುರದ ಹತ್ರ ಕಾಫಿ ತೋಟ. ಮಗ ಎಚ್-1ಬಿ ವೀಸಾದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿದಾನೆ. ಅಲ್ಲಿ ಆಫೀಸಿನವರು ಅಕ್ಟೋಬರ್ ತಿಂಗಳಲ್ಲಿ ಗ್ರೌಸ್ ಅಂತ ಒಂದು ಹಕ್ಕಿ ಶಿಕಾರಿಗೆ ಹೋಗ್ತಾರಂತೆ, ಕಾನೂನು ಪ್ರಕಾರನೇ. ಇವನೂ ಹೋಗ್ಬೇಕು ಅಂತಿದಾನೆ. ಸ್ನೇಹಿತರೊಬ್ಬರು ಕೊಡ್ತೀನಿ ಅಂದಿರೋದು ಹಳೇ 12 ಬೋರ್ ಜೋಡಿ ನಳಿಗೆ, ಎರಡೂ ಫುಲ್ ಚೋಕ್, ಅಂದ್ರೆ ತುಂಬಾ ಬಿಗಿ. ಪೊದೆ ಒಳಗೆ ಹತ್ತಿರದಲ್ಲಿ ಏಳೋ ಹಕ್ಕಿಗೆ ಇದು ಆಗಲ್ಲ, ಸ್ಪ್ರೆಡರ್ ತೋಟಾ ತಗೋ ಅಂದ್ರಂತೆ. ನನ್ನ ಕೇಳ್ದ, ನಾನು ಕೋವಿ ಇಟ್ಕೊಂಡು ಮೂವತ್ತು ವರ್ಷ ಆದ್ರೂ ಈ ಹೆಸರು ಕೇಳಿಲ್ಲ. ನಿಜಕ್ಕೂ ಕೆಲಸ ಮಾಡುತ್ತಾ?

ಉತ್ತರ: ಮಾಡುತ್ತೆ, ನಿಮ್ಮ ಮಗನಿಗೆ ಅವರು ಹೇಳಿರೋದು ಸರಿಯಾದ ಮಾತೇ. ನಮ್ಮ ಕಡೆ ಅಂಗಡೀಲಿ ಎಲ್‌ಜಿ, ಎಸ್‌ಜಿ, ಬಿಬಿ, 4 ನಂಬರ್ ಇಂಥ ಚರೆ ಗಾತ್ರವನ್ನೇ ಕೇಳಿ ತಗೊಳ್ಳೋದು, ಹಾಗಾಗಿ ಈ ಹೆಸರು ನಿಮ್ಮ ಕಿವಿಗೆ ಬೀಳದೇ ಇರೋದು ಸಹಜ.

ಮೊದಲು ಹಕ್ಕಿ ಎಂಥದು ಅಂತ ತಿಳ್ಕೊಂಡ್ರೆ ತೋಟಾ ಯಾಕೆ ಅಂತ ಗೊತ್ತಾಗುತ್ತೆ. ಅಲ್ಲಿ ಸಿಗೋದು ರಫ್ಡ್ ಗ್ರೌಸ್. ನಮ್ಮ ತೋಟದ ಅಂಚಲ್ಲಿ ಲಂಟಾನ ಪೊದೆ ಒಳಗೇ ಓಡಾಡ್ಕೊಂಡಿರುತ್ತಲ್ಲ ಚಿಟ್ಟುಕೋಳಿ, ಅದರ ಸ್ವಭಾವನೇ ಅಂದ್ಕೊಳ್ಳಿ, ಆದ್ರೆ ಗಾತ್ರದಲ್ಲಿ ಇನ್ನೂ ದೊಡ್ಡದು, ಅರ್ಧ ಕೆಜಿ ಮೇಲೆ ತೂಗುತ್ತೆ. ಆಸ್ಪೆನ್ ಅನ್ನೋ ಮರದ ಎಳೇ ಕಾಡಲ್ಲಿ, ಕೈ ಹಾಕಿದ್ರೆ ಕೈ ಕಾಣದಷ್ಟು ದಟ್ಟ ಇರೋ ಕಡೆ ಸುಮ್ನೆ ಕೂತಿರುತ್ತೆ, ಕಾಲ ಬುಡಕ್ಕೆ ಬರೋವರೆಗೂ ಏಳಲ್ಲ, ಎದ್ರೆ ಮಾತ್ರ ಎದೆ ಝಲ್ ಅನ್ನೋ ಹಾಗೆ ರೆಕ್ಕೆ ಬಡ್ಕೊಂಡು ಎರಡು ಮರದ ಮಧ್ಯೆ ನುಗ್ಗಿ ಮಾಯ ಆಗುತ್ತೆ. ಅದೇ ಕಾಡಲ್ಲಿ ವುಡ್‌ಕಾಕ್ ಅಂತ ಉದ್ದ ಕೊಕ್ಕಿನ ಎರೆಹುಳ ತಿನ್ನೋ ಹಕ್ಕಿನೂ ಇದೆ, ಅದು ಇನ್ನೂ ಚಿಕ್ಕದು, ಇನ್ನೂ ಹತ್ರ. ಇಂಥ ಕಡೆ ಹೆಚ್ಚಿನ ಈಡೆಲ್ಲ 25 ಗಜದ ಒಳಗೇ ಮುಗಿಯುತ್ತೆ, ಎಷ್ಟೋ ಸಲ 15 ಗಜಕ್ಕೇ.

ಈಗ ಲೆಕ್ಕ ನೋಡಿ. ಫುಲ್ ಚೋಕ್ ಅನ್ನೋದು 40 ಗಜಕ್ಕೆ ಮಾಡಿದ್ದು, 40 ಗಜದಲ್ಲಿ 30 ಇಂಚು ಅಗಲದ ವೃತ್ತದ ಒಳಗೆ ನೂರಕ್ಕೆ 70 ಚರೆ ಬೀಳಬೇಕು ಅನ್ನೋದೇ ಅದರ ಅಳತೆ. ಅದೇ ನಳಿಗೆ 20 ಗಜದಲ್ಲಿ ಹರಡೋದು ಸುಮಾರು 16 ಇಂಚು ಅಷ್ಟೇ. ಚೋಕ್ ಇಲ್ಲದ ಸಿಲಿಂಡರ್ ನಳಿಗೆ ಅಷ್ಟೇ ದೂರದಲ್ಲಿ ಸುಮಾರು 32 ಇಂಚು ಹರಡುತ್ತೆ. ಅಗಲ ಎರಡರಷ್ಟು ಅಂದ್ರೆ ಜಾಗ ನಾಲ್ಕರಷ್ಟು. ಅಮೆರಿಕದ 8 ನಂಬರ್ ಚರೆ ಒಂದು ಔನ್ಸಿಗೆ ಸುಮಾರು 410 ಇರುತ್ತೆ, ಫುಲ್ ಚೋಕಲ್ಲಿ ಅವಷ್ಟೂ ಆ 16 ಇಂಚಿನ ಒಳಗೇ ತುಂಬ್ಕೊಂಡ್ರೆ ಪ್ರತಿ ಚದರ ಇಂಚಿಗೆ ಎರಡೆರಡು ಚರೆ. ಗುರಿ ಸರಿ ಇದ್ರೆ ಹಕ್ಕಿ ತಿನ್ನೋಕೆ ಉಳಿಯಲ್ಲ, ಗುರಿ ಒಂದು ಗೇಣು ಆಚೆ ಈಚೆ ಆದ್ರೆ ಪುಕ್ಕಕ್ಕೂ ತಗಲಲ್ಲ. 15 ಗಜಕ್ಕಂತೂ ಕೇಳಲೇಬೇಡಿ.

ಚೋಕ್ ಅನ್ನೋದೇ ಮೊದಲಿಂದ ಇದ್ದಿದ್ದಲ್ಲ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಪೇಪ್ ಅನ್ನೋ ಕೋವಿ ತಯಾರಕ 1866ರಲ್ಲಿ ಪೇಟೆಂಟ್ ತಗೊಂಡ, 1870ರ ದಶಕದಲ್ಲಿ ಗ್ರೀನರ್ ಅನ್ನೋ ಇನ್ನೊಬ್ಬ ತಯಾರಕ ಅದನ್ನ ಚೆನ್ನಾಗಿ ಪಳಗಿಸಿದ, ಆಮೇಲೆ ಎಲ್ಲರಿಗೂ ದೂರ ಹೊಡೆಯೋ ಕೋವಿನೇ ಬೇಕು ಅಂತಾಯ್ತು. ಹಾಗಾಗೇ ಹಳೇ ಅಮೆರಿಕನ್ ಜೋಡಿ ನಳಿಗೆಗಳಲ್ಲಿ ಎರಡೂ ಬಿಗಿ ಇರೋದು ಸುಮಾರು ಕಾಣುತ್ತೆ. ಅಂಥ ಬಿಗಿ ಕೋವಿ ಇಟ್ಕೊಂಡು ಪೊದೆ ಕಾಡಿಗೆ ಹೋಗೋರಿಗೆ ಅಂತಲೇ ತೋಟಾದ ಒಳಗೇ ಚರೆ ಹರಡೋ ಉಪಾಯ ಹುಡುಕಿದ್ದು.

ಒಳಗೆ ಏನಿರುತ್ತೆ ಅಂದ್ರೆ, ಒಂದು ಜಾತಿ ತೋಟಾ ಉದ್ದಕ್ಕೆ ಸೀಳಿ ನೋಡಿದ್ರೆ ಕೆಳಗೆ ಮದ್ದು, ಅದರ ಮೇಲೆ ವ್ಯಾಡ್ ಅನ್ನೋ ಬಿರಡೆ, ಅದರ ಮೇಲೆ ಚರೆ ಇರೋ ಜಾಗದಲ್ಲಿ ಗುಣಾಕಾರದ ಗುರುತಿನ ಹಾಗೆ ಒಂದು ಪ್ಲಾಸ್ಟಿಕ್ ಅಥವಾ ರಟ್ಟಿನ ತಡೆ, ಅದು ಚರೇನ ನಾಲ್ಕು ಮನೆ ಮಾಡಿರುತ್ತೆ. ಬಾಯಿಂದ ಆಚೆ ಬಂದ ಕೂಡ್ಲೇ ನಾಲ್ಕೂ ಮನೆ ಚರೆ ಒಂದಕ್ಕೊಂದು ಅಂಟಿಕೊಳ್ಳದೆ ಬೇರೆ ಬೇರೆ ಆಗುತ್ತೆ. ಇನ್ನೊಂದು ಜಾತೀಲಿ ಚರೆ ತುದೀಲಿ ಒಂದು ಪುಟ್ಟ ಬಿಲ್ಲೆ, ಬಿಲ್ಲೆ ನಡುವಿಂದ ಒಂದು ಕಡ್ಡಿ ಚರೆ ರಾಶಿ ಒಳಗೆ ಇಳಿದಿರುತ್ತೆ. ಹೊರಗೆ ಬಂದಾಗ ಗಾಳಿ ಆ ಬಿಲ್ಲೇನ ಹಿಂದಕ್ಕೆ ಒತ್ತುತ್ತೆ, ಅದು ಚರೇನ ಪಕ್ಕಕ್ಕೆ ತಳ್ಕೊಂಡು ಹಿಂದೆ ಬರುತ್ತೆ. ಪಾಲಿವಾಡ್ ಅನ್ನೋ ಅಮೆರಿಕನ್ ಕಂಪನಿಯ ಸ್ಪ್ರೆಡ್-ಆರ್ ಈ ಜಾತಿದು. ಇಟಲಿಯವರು ಡಿಸ್ಪರ್ಸಾಂಟೆ ಅಂತ ಡಬ್ಬಿ ಮೇಲೆ ಬರೆದು ಮಾರ್ತಾರೆ. ಯೂರೋಪಲ್ಲಿ ಕೆಲವರು ದುಂಡು ಚರೆ ಬದಲು ಚೌಕ ಚರೆನೇ ಹಾಕ್ತಾರೆ, ಚೌಕ ಆಗಿರೋದು ಗಾಳೀಲಿ ನೆಟ್ಟಗೆ ಹೋಗಲ್ಲ, ಹಾಗಾಗಿ ಹರಡುತ್ತೆ. ಇದ್ಯಾವುದೂ ಬೇಡ ಅಂದ್ರೆ ಪ್ಲಾಸ್ಟಿಕ್ ಕಪ್ ಇಲ್ಲದ, ಬರೀ ನಾರಿನ ವ್ಯಾಡ್ ಇರೋ ಮೆತ್ತನೆ ಸೀಸದ ತೋಟಾನೂ ಸ್ವಲ್ಪ ಮಟ್ಟಿಗೆ ಕೆಲಸ ಕೊಡುತ್ತೆ, ಅಂಚಿನ ಚರೆ ನಳಿಗೆಗೆ ಉಜ್ಜಿ ಚಪ್ಪಟೆ ಆಗಿ ದಾರಿ ಬಿಟ್ಟು ಹೊರಗೆ ಹೋಗುತ್ತೆ, ಹರವು ಹೆಚ್ಚುತ್ತೆ.

ಒಟ್ಟು ಪರಿಣಾಮ ಅಂದ್ರೆ ನಿಮ್ಮ ಮಗನ ಫುಲ್ ಚೋಕು ಮಾಡಿಫೈಡ್ ತರನೋ ಇಂಪ್ರೂವ್ಡ್ ಸಿಲಿಂಡರ್ ತರನೋ ವರ್ತಿಸುತ್ತೆ, ಒಂದು ಅಥವಾ ಎರಡು ಮೆಟ್ಟಿಲು ಸಡಿಲ. ಎಷ್ಟು ಅನ್ನೋದು ಆ ಕೋವಿ ಆ ತೋಟಾ ಸೇರಿದ ಮೇಲೇ ಗೊತ್ತಾಗೋದು, ಡಬ್ಬಿ ಮೇಲೆ ಬರೆದಿರೋದನ್ನ ನಂಬ್ಕೊಂಡು ಕಾಡಿಗೆ ಹೋಗಬಾರದು. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ಜನ ಹೊಸ ತೋಟಾ ತಗೊಳ್ಳೋಕೆ ದುಡ್ಡು ಖರ್ಚು ಮಾಡ್ತಾರೆ, ಪೇಪರ್ ಮೇಲೆ ನಾಲ್ಕು ಈಡು ಹೊಡೆದು ನೋಡಲ್ಲ. ಅಲ್ಲಿ ಗನ್ ಕ್ಲಬ್‌ಗಳಲ್ಲಿ ಪ್ಯಾಟರ್ನ್, ಅಂದ್ರೆ ಚರೆ ಹರಡಿ ಬೀಳೋ ರೀತಿ ನೋಡೋಕೆ ಅಂತಲೇ ಹಲಗೆ ಇರುತ್ತೆ. ನಾಲ್ಕಡಿ ಅಗಲದ ಪೇಪರ್ ಕಟ್ಟಲಿ, ನಡುವೆ ಒಂದು ಚುಕ್ಕೆ, 20 ಗಜ ಅಳೆದು ನಿಂತು ಮಾಮೂಲಿ ತೋಟಾ ಒಂದು ಪೇಪರಿಗೆ, ಸ್ಪ್ರೆಡರ್ ಒಂದು ಪೇಪರಿಗೆ, ಹೀಗೆ ಮೂರು ನಾಲ್ಕು ಸಲ. ಚರೆ ದಟ್ಟ ಬಿದ್ದಿರೋ ಕಡೆ ನಡು ಹಿಡ್ಕೊಂಡು 30 ಇಂಚಿನ ವೃತ್ತ ಎಳೀಲಿ. ಮಾಮೂಲಿ ತೋಟಾದ ಪೇಪರಲ್ಲಿ ನಡುವೆ ಹರಿದು ಒಂದು ದೊಡ್ಡ ತೂತಿನ ಹಾಗೇ ಕಾಣುತ್ತೆ, ಸುತ್ತ ಖಾಲಿ. ಸ್ಪ್ರೆಡರಿಂದು ಬೇರೆ ಬೇರೆ ಚುಕ್ಕೆ ಎಣಿಸೋ ಹಾಗಿರುತ್ತೆ. ಆಗ ನೋಡಬೇಕಾದ್ದು ಎಷ್ಟು ಅಗಲ ಅನ್ನೋದಷ್ಟೇ ಅಲ್ಲ, ಅಂಗೈ ಅಗಲದ ಖಾಲಿ ಜಾಗ ಎಲ್ಲಾದ್ರೂ ಉಳಿದಿದ್ಯಾ ಅಂತ. ಉಳಿದಿದ್ರೆ ಹಕ್ಕಿ ಆ ಸಂದೀಲೇ ಹೋಗುತ್ತೆ, ಅಥವಾ ಅಂಚಿನ ಒಂದು ಚರೆ ತಗಲಿ ಗಾಯ ಆಗಿ ಎಲ್ಲೋ ಹೋಗಿ ಸಾಯುತ್ತೆ. ಎರಡನೇದು ಆಗಬಾರದು. ಅದಕ್ಕೇ 20 ಗಜದ ಜೊತೆ 30 ಗಜದಲ್ಲೂ ಒಂದು ಪೇಪರ್ ನೋಡಲಿ, ಅಷ್ಟು ದೂರಕ್ಕೆ ಚರೆ ಎಷ್ಟು ತೆಳುವಾಗಿದೆ ಅಂತ ಕಣ್ಣಾರೆ ಕಂಡ ಮೇಲೆ ದೂರದ ಹಕ್ಕಿಗೆ ಸ್ಪ್ರೆಡರ್ ಹೊಡೆಯೋ ಮನಸ್ಸು ಬರಲ್ಲ. ನನ್ನ ಪ್ರಕಾರ 25 ಗಜ ದಾಟಿದ್ರೆ ಸ್ಪ್ರೆಡರ್ ಹಾಕಿದ ನಳಿಗೆಯ ಕುದುರೆ (ಟ್ರಿಗರ್) ಎಳೆಯಲೇಬಾರದು.

ಹಾಗಾದ್ರೆ ಎರಡನೇ ಈಡಿಗೆ? ಜೋಡಿ ನಳಿಗೆಯ ಸುಖ ಅಲ್ಲೇ ಇರೋದು. ಎರಡು ಕುದುರೆ ಇರೋ ಕೋವೀಲಿ ಮುಂದಿನ ಕುದುರೆ ಬಲ ನಳಿಗೆದು, ಅದಕ್ಕೆ ಸ್ಪ್ರೆಡರ್ ಹಾಕ್ಲಿ, ಎಡಕ್ಕೆ ಮಾಮೂಲಿ 7½ ನಂಬರ್. ಹಕ್ಕಿ ಎದ್ದಾಗ ಹತ್ರ ಇರುತ್ತೆ, ಎರಡನೇ ಈಡಿನ ಹೊತ್ತಿಗೆ ದೂರ ಹೋಗಿರುತ್ತೆ, ಎರಡಕ್ಕೂ ತಕ್ಕ ಹಾಗೆ ಆಯ್ತು. ವುಡ್‌ಕಾಕ್‌ಗೆ ಬಲಕ್ಕೆ 8 ಅಥವಾ 9, ಗ್ರೌಸ್‌ಗೆ 7½ ಅಥವಾ 8 ಸಾಕು. ನೀವು ಇಲ್ಲಿಂದ ಫೋನಲ್ಲಿ ನಂಬರ್ ಹೇಳುವಾಗ ಒಂದು ಗಮನ ಇರಲಿ, ನಮ್ಮ ನಂಬರು ಬ್ರಿಟಿಷರ ಲೆಕ್ಕ, ಅವರದು ಬೇರೆ. ಬ್ರಿಟಿಷ್ 6 ನಂಬರ್ ಔನ್ಸಿಗೆ 270 ಚರೆ, ಅಮೆರಿಕದ 6 ನಂಬರ್ 225. ಅವರ ಚರೆ ಒಂದೊಂದೂ ದಪ್ಪ.

ಕೋವಿ ಹಳೇದು ಅಂದಿದೀರಿ, ಹಾಗಾಗಿ ತೋಟಾಕ್ಕಿಂತ ಮೊದಲು ಅಲ್ಲಿನ ಗನ್‌ಸ್ಮಿತ್ ಹತ್ರ ಚೇಂಬರ್ (ನಳಿಗೇಲಿ ತೋಟಾ ಕೂರೋ ಜಾಗ) ಉದ್ದ ಅಳೆಸಲಿ. ಹಳೇ ಕೋವಿ ಎಷ್ಟೋ 2½ ಇಂಚಿನ ಚೇಂಬರಿಂದು, ಈಗ ಅಂಗಡೀಲಿ ಸಿಗೋದು 2¾. ಒಳಗೆ ಹೋಗುತ್ತೆ, ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಇರಲ್ಲ, ಒತ್ತಡ ಏರುತ್ತೆ. ನಳಿಗೆ ಮೇಲೆ ಹೆಣೆದ ಹಾಗೆ ನೀರಿನ ಅಲೆ ತರ ಗೆರೆ ಇದ್ರೆ ಅದು ಡಮಾಸ್ಕಸ್ ಅನ್ನೋ ಹಳೇ ಕಾಲದ ನಳಿಗೆ, ಅದಕ್ಕೆ ಈಗಿನ ಮಾಮೂಲಿ ತೋಟಾ ಬೇಡವೇ ಬೇಡ. ಸ್ಟೀಲ್ ಚರೆನೂ ಹಳೇ ಫುಲ್ ಚೋಕಿಗೆ ಹಾಕಬಾರದು, ಸೀಸದ ಹಾಗೆ ಅದು ಒತ್ತಿಕೊಳ್ಳಲ್ಲ, ನಳಿಗೆ ಬಾಯಿ ಉಬ್ಬುತ್ತೆ. ಚೋಕನ್ನೇ ಒಳಗಿಂದ ಕೊರೆದು ಸಡಿಲ ಮಾಡ್ಕೊಡೋರೂ ಇದಾರೆ, ಆದ್ರೆ ಕೊರೆದಿದ್ದನ್ನ ವಾಪಸ್ ಹಾಕೋಕಾಗಲ್ಲ, ಅದೂ ಇನ್ನೊಬ್ಬರ ಕೋವಿ. ಸ್ಪ್ರೆಡರ್ ಇರೋದೇ ಇಂಥ ಕೋವಿಗೆ. ಅದೇ ತಿರುಪಿನ ಚೋಕ್ ಇರೋ ಹೊಸ ಕೋವಿ ಆಗಿದ್ರೆ ನಾನು ಸ್ಪ್ರೆಡರಿಗೆ ದುಡ್ಡು ಹಾಕು ಅಂತ ಹೇಳ್ತಾನೇ ಇರಲಿಲ್ಲ, ಸಿಲಿಂಡರ್ ಟ್ಯೂಬ್ ತಿರುಗಿಸಿ ಹಾಕಿದ್ರೆ ಮುಗೀತು, ಸಡಿಲ ನಳಿಗೇಲಿ ಸ್ಪ್ರೆಡರ್ ಹಾಕಿದ್ರೆ ಚರೆ ಚೆದುರಿ ನಡುವೆ ಖಾಲಿ ಬೀಳುತ್ತೆ, ಲಾಭ ಇಲ್ಲ.

ಇನ್ನೊಂದು ಮುಖ್ಯ ವಿಷಯ, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಎಚ್-1ಬಿ ತರದ ವೀಸಾದಲ್ಲಿ ಇರೋರು ಬಂದೂಕು ತೋಟಾ ಹೊಂದಿರೋದನ್ನ ಅಮೆರಿಕದ ಕೇಂದ್ರ ಕಾನೂನು ತಡೆಯುತ್ತೆ, ಅದಕ್ಕಿರೋ ವಿನಾಯಿತಿಗಳಲ್ಲಿ ಒಂದು ಆ ದೇಶದ ಯಾವುದಾದ್ರೂ ರಾಜ್ಯದ ಚಾಲ್ತೀಲಿರೋ ಹಂಟಿಂಗ್ ಲೈಸೆನ್ಸ್. ಸಾಲ ತಂದ ಕೋವಿ ಆದ್ರೂ ಅಷ್ಟೇ. ಹಾಗಾಗಿ ಕೋವಿ ಮುಟ್ಟೋ ಮೊದಲೇ ಲೈಸೆನ್ಸ್ ಕೈಗೆ ಬರಬೇಕು, ಅವಧಿ ಮುಗಿದಿದ್ರೆ ಮುಟ್ಟಬಾರದು. ಮಿಷಿಗನ್‌ನಲ್ಲಿ 1960ರ ಜನವರಿ 1 ಅಥವಾ ಆಮೇಲೆ ಹುಟ್ಟಿದೋರು ಲೈಸೆನ್ಸ್ ತಗೋಬೇಕಾದ್ರೆ ಹಂಟರ್ ಸೇಫ್ಟಿ ಕೋರ್ಸ್ ಆಗಿರಬೇಕು. ಗ್ರೌಸ್ ಸೀಸನ್ ಸೆಪ್ಟೆಂಬರ್ 15ರಿಂದ ನವೆಂಬರ್ 14, ಆಮೇಲೆ ಡಿಸೆಂಬರ್ 1ರಿಂದ ಜನವರಿ 1, ಹೋಗೋ ವರ್ಷದ ಪಟ್ಟಿ ನೋಡ್ಕೊಂಡೇ ಹೋಗ್ಲಿ. ಕಿತ್ತಳೆ ಬಣ್ಣದ ಜಾಕೆಟ್ಟೋ ಟೋಪಿನೋ ಕಡ್ಡಾಯ. ಎಳೇ ಕಾಡಲ್ಲಿ ಪಕ್ಕದಲ್ಲಿ ನಡೀತಿರೋ ಮನುಷ್ಯನೇ ಕಾಣಲ್ಲ, ಹರಡೋ ಚರೆ ಬೇರೆ, ಅದನ್ನ ಅಸಡ್ಡೆ ಮಾಡಬೇಡ ಅಂತ ಅಪ್ಪನಾಗಿ ನೀವೇ ಒಂದು ಮಾತು ಹೇಳಿ.

ಪ್ರಶ್ನೆ: ಆಲ್ದೂರು ಕಡೆಯವನು ಸರ್. ಬೆಳೆ ರಕ್ಷಣೆಗೆ ಅಂತ ಡಿಬಿಬಿಎಲ್ (ಜೋಡಿ ನಳಿಗೆ ಕೋವಿ) ಲೈಸೆನ್ಸ್ ಇದೆ. ನವಿಲು, ಕಾಡುಕೋಳಿ ಗದ್ದೆಗೆ ಇಳಿದು ಭತ್ತ ಹಾಳು ಮಾಡ್ತಿವೆ. ಸ್ಪ್ರೆಡರ್ ತೋಟಾದಲ್ಲಿ ಸಣ್ಣ ಚರೆ ಹಾಕಿ ಸಾಯದ ಹಾಗೆ ಚುರುಕು ಮುಟ್ಟಿಸಿದ್ರೆ ಮತ್ತೆ ಬರಲ್ಲ ಅಂತ ಊರಲ್ಲಿ ಹೇಳ್ತಾರೆ. ಮಾಡಬಹುದಾ?

ಉತ್ತರ: ಮಾಡಬಾರದು. ಲೈಸೆನ್ಸಲ್ಲಿ ಬೆಳೆ ರಕ್ಷಣೆ ಅಂತ ಬರೆದಿದ್ದ ಮಾತ್ರಕ್ಕೆ ಕಾಡುಪ್ರಾಣಿ ಹಕ್ಕಿ ಹೊಡೆಯೋ ಅಧಿಕಾರ ಬಂತು ಅಂತ ನಮ್ಮ ಕಡೆ ಬಹಳ ಜನ ತಿಳ್ಕೊಂಡಿದಾರೆ, ಅದು ಕೋವಿ ಇಟ್ಕೊಳ್ಳೋಕೆ ಕೊಟ್ಟ ಅನುಮತಿ ಅಷ್ಟೇ. 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಸೆಕ್ಷನ್ 9 ಬೇಟೆಯನ್ನೇ ನಿಷೇಧ ಮಾಡಿದೆ, ಮತ್ತು ಆ ಕಾಯ್ದೇಲಿ ಬೇಟೆ ಅಂದ್ರೆ ಕೊಲ್ಲೋದು ಮಾತ್ರ ಅಲ್ಲ, ಗಾಯ ಮಾಡೋದೂ ಬೇಟೆನೇ, ಉರುಳು ಹಾಕೋದೂ ಬೇಟೆನೇ. ಸಾಯದ ಹಾಗೆ ಹೊಡೆದೆ ಅನ್ನೋ ಸಮಜಾಯಿಷಿ ನಡೆಯಲ್ಲ. ನವಿಲು ಮೊದಲ ಶೆಡ್ಯೂಲಿನ ಹಕ್ಕಿ, ಅದಕ್ಕೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು, 2022ರ ತಿದ್ದುಪಡಿ ಆದ ಮೇಲೆ ದಂಡನೂ ಕನಿಷ್ಠ 25 ಸಾವಿರ.

ಕಾನೂನು ಪಕ್ಕಕ್ಕಿಟ್ಟರೂ ಈ ಚುರುಕು ಮುಟ್ಟಿಸೋ ಮಾತು ಸುಳ್ಳು. ಹರಡಿದ ಸಣ್ಣ ಚರೆ ದೂರದ ಹಕ್ಕಿ ಮೈಯೊಳಗೆ ಅರ್ಧ ಇಳಿದು ಕೂರುತ್ತೆ, ಕಣ್ಣಿಗೆ ಬೀಳುತ್ತೆ, ರೆಕ್ಕೆ ಮೂಳೆ ಮುರಿಯುತ್ತೆ. ಅದು ಹಾರಿ ಹೋಗಿದ್ದು ನಿಮಗೆ ಕಾಣುತ್ತೆ, ಕಾಫಿ ಗಿಡದ ಬುಡದಲ್ಲಿ ಕೊಳೆತು ಬಿದ್ದಿದ್ದು ಕಾಣಲ್ಲ. ಬೆಳೆ ಹಾನಿ ನಿಜವಾದ ಕಷ್ಟ, ಅದನ್ನ ಸಣ್ಣದು ಅಂತ ನಾನು ಹೇಳಲ್ಲ. ತೆನೆ ಬಲಿಯೋ ಆ ಎರಡು ಮೂರು ವಾರ ಬೆಳಿಗ್ಗೆ ಸಂಜೆ ಕಾವಲು, ಹೊಳೆಯೋ ರಿಬ್ಬನ್ ಕಟ್ಟೋದು, ಗದ್ದೆ ಅಂಚಿಗೆ ಬಲೆ, ತಮಟೆ ಸದ್ದು, ಇವೇ ದಾರಿ. ಪ್ರಾಣಿಯಿಂದ ಆಸ್ತಿಗೆ ಅಪಾಯ ಅನ್ನೋ ಸಂದರ್ಭಕ್ಕೆ ಸೆಕ್ಷನ್ 11ರಲ್ಲಿ ಅನುಮತಿ ಕೊಡೋ ಅವಕಾಶ ಇದೆ, ಆದ್ರೆ ಕೊಡಬೇಕಾದ್ದು ಅರಣ್ಯ ಇಲಾಖೆ, ಅದೂ ಬರಹದಲ್ಲಿ, ಮೊದಲ ಶೆಡ್ಯೂಲಿನ ನವಿಲಿಗೆ ಬೆಳೆ ಹಾನಿ ಕಾರಣ ಕೊಟ್ಟು ಅದೂ ಸಿಗಲ್ಲ.

ಪ್ರಶ್ನೆ: ನಾನು ಹಾಸನದವಳು, ಬೆಂಗಳೂರಲ್ಲಿ ಓದ್ತಾ ಸ್ಕೀಟ್ (ಗಾಳೀಲಿ ಹಾರಿಸೋ ಮಣ್ಣಿನ ಬಿಲ್ಲೆ ಹೊಡೆಯೋ ಆಟ) ಕಲೀತಿದೀನಿ. ಸೀನಿಯರ್ ಒಬ್ಬರ ಕೋವಿ ಚೋಕ್ ಬಿಗಿ. ಸ್ಪ್ರೆಡರ್ ಹಾಕಿದ್ರೆ ಸ್ಕೋರ್ ಏರುತ್ತಾ?

ಉತ್ತರ: ಏರಬಹುದು, ಆದ್ರೆ ಮ್ಯಾಚಲ್ಲಿ ಬಳಸೋ ಹಾಗಿಲ್ಲಮ್ಮ. ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಷನ್ ನಿಯಮದಲ್ಲೇ ತೋಟಾ ಒಳಗೆ ಹರವು ಹೆಚ್ಚಿಸೋ ಅಡ್ಡ ತಡೆ ಇಡೋದು, ಒಳಗಿನ ವಸ್ತು ತಿರುಗಾಮುರುಗಾ ತುಂಬೋದು ಕೂಡದು ಅಂತಿದೆ. ಚರೆ ದುಂಡಗಿರಬೇಕು, ತೂಕ 24 ಗ್ರಾಂ ಮೀರಬಾರದು. ಅಂದ್ಮೇಲೆ ಮೇಲೆ ಹೇಳಿದ ನಾಲ್ಕು ಮನೆ ತೋಟಾನೂ ಇಲ್ಲ, ಚೌಕ ಚರೆನೂ ಇಲ್ಲ. ಅಭ್ಯಾಸಕ್ಕೆ ಒಂದು, ಮ್ಯಾಚಿಗೆ ಒಂದು ಅಂತ ಇಟ್ಕೊಂಡ್ರೆ ಕೈ ಕಣ್ಣು ಎರಡೂ ಗಲಿಬಿಲಿ ಆಗುತ್ತೆ. ಸ್ಕೀಟಲ್ಲಿ ಬಿಲ್ಲೆ ಅಡ್ಡ ಹಾಯೋದು ಸುಮಾರು 20 ಮೀಟರಲ್ಲಿ, ಬಿಲ್ಲೆ ಅಗಲ 11 ಸೆಂಟಿಮೀಟರ್, ಅದಕ್ಕೆ ಅಂತಲೇ ಸ್ಕೀಟ್ ಚೋಕ್ ಇದೆ, 9 ನಂಬರ್ ಚರೆ ಇದೆ. ಕ್ಲಬ್ಬಲ್ಲಿ ಸಡಿಲ ಚೋಕಿನ ಕೋವಿ ಕೇಳಿ ತಗೊಳ್ಳಿ.

ಈ ಆಟಕ್ಕೆ ನಮ್ಮ ದೇಶದಲ್ಲಿ ಈಗ ಒಳ್ಳೇ ಕಾಲ. ಮೈರಾಜ್ ಅಹ್ಮದ್ ಖಾನ್ 2016ರ ರಿಯೋ ಒಲಿಂಪಿಕ್ಸಿಗೆ ಸ್ಕೀಟಲ್ಲಿ ಅರ್ಹತೆ ಪಡೆದ ಮೊದಲ ಭಾರತೀಯ, 2024ರ ಪ್ಯಾರಿಸಲ್ಲಿ ಮಹೇಶ್ವರಿ ಚೌಹಾಣ್, ಅನಂತಜೀತ್ ಸಿಂಗ್ ನರುಕಾ ಜೋಡಿ ಮಿಶ್ರ ತಂಡದಲ್ಲಿ ಒಂದೇ ಒಂದು ಬಿಲ್ಲೆಯಲ್ಲಿ ಕಂಚು ಕಳ್ಕೊಂಡ್ರು, 44ಕ್ಕೆ 43. ಹಾಸನದ ಹುಡುಗಿ ಸ್ಕೀಟ್ ಕಲೀತಿದಾಳೆ ಅಂತ ಓದಿ ನಮಗೆ ತುಂಬಾ ಖುಷಿ ಆಯ್ತು, ಬಿಡಬೇಡಿ.

ಪ್ರಶ್ನೆ: ಕಳಸದಿಂದ. ತೋಟಾ ಬಾಯಿ ಬಿಚ್ಚಿ ನಾವೇ ರಟ್ಟು ಕತ್ತರಿಸಿ ಒಳಗೆ ಇಟ್ರೆ ಸ್ಪ್ರೆಡರ್ ಆಗಲ್ವಾ? ಅಥವಾ ನಳಿಗೆ ತುದಿ ಮೂರು ಇಂಚು ಕುಯ್ಸಿದ್ರೆ ಚೋಕೇ ಹೋಗುತ್ತಲ್ಲ?

ಉತ್ತರ: ಎರಡೂ ಬೇಡ, ದಯವಿಟ್ಟು. ತೋಟಾನ ಮಾರ್ಪಾಡು ಮಾಡೋಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಬೇರೆ ಲೈಸೆನ್ಸ್ ಬೇಕು, ನಳಿಗೆ ಗಿಡ್ಡ ಮಾಡೋದಕ್ಕೆ ಸೆಕ್ಷನ್ 6. ಕುಯ್ಸಿದ ಕೋವಿ ತಪಾಸಣೆಗೆ ಹೋದ ದಿನ ಲೈಸೆನ್ಸ್ ಜೊತೆ ನೀವೂ ಸಿಕ್ಕಿಹಾಕ್ಕೊಳ್ತೀರಿ. ತೋಟಾ ವಿಷಯದಲ್ಲಿ ಭಯ ಇನ್ನೂ ದೊಡ್ಡದು. ಕಾರ್ಖಾನೇಲಿ ಮದ್ದು, ವ್ಯಾಡು, ಚರೆ ತೂಕ, ಬಾಯಿ ಮಡಿಕೆ ಎಷ್ಟು ಬಿಗಿ ಅನ್ನೋದನ್ನೆಲ್ಲ ಒಂದಕ್ಕೊಂದು ಹೊಂದಿಸಿ ಒತ್ತಡ ಅಳೆದಿರ್ತಾರೆ, ಅದ್ರಲ್ಲಿ ಒಂದು ಬದಲಾದ್ರೂ ಆ ಅಳತೆ ಹೋಯ್ತು. ಎಡಗೈ ಇರೋದು ನಳಿಗೆ ಕೆಳಗೇ ಅನ್ನೋದು ನೆನಪಿರಲಿ. ತೋಟಾ ಸುತ್ತ ಬ್ಲೇಡಲ್ಲಿ ಗೀರು ಹಾಕಿ ಹೊಡೆಯೋರೂ ಇದಾರೆ, ಮೇಲಿನ ಅರ್ಧ ತೋಟಾನೇ ಕಿತ್ಕೊಂಡು ನಳಿಗೆ ಒಳಗೆ ಹೋಗುತ್ತೆ, ಚೋಕಲ್ಲಿ ಸಿಕ್ಕಿಕೊಂಡ್ರೆ ನಳಿಗೆ ಸೀಳುತ್ತೆ. ಯಾರಾದ್ರೂ ಹೇಳ್ಕೊಟ್ರೆ ಅವರನ್ನೂ ತಡೀರಿ.

ಪ್ರಶ್ನೆ: ಬೇಲೂರು ತಾಲ್ಲೂಕು. ತಾತನ ಕಾಲದ ಇಂಗ್ಲಿಷ್ ಜೋಡಿ ನಳಿಗೆ ಇದೆ, ನಳಿಗೆ ಅಡಿಯಲ್ಲಿ ನಾಟ್ ಫಾರ್ ಬಾಲ್ ಅಂತ ಕೆತ್ತಿದೆ. ಹಾಗಂದ್ರೆ? ಅದು ಯಾವ ಚೋಕ್?

ಉತ್ತರ: ಒಳ್ಳೇ ವಸ್ತು ಇಟ್ಕೊಂಡಿದೀರಿ. ಇಂಗ್ಲೆಂಡಿನ ಪ್ರೂಫ್ ಹೌಸ್, ಅಂದ್ರೆ ಕೋವಿ ಪರೀಕ್ಷೆ ಮಾಡೋ ಕಚೇರಿಯವರು 1875ರಿಂದ 1887ರವರೆಗೆ ಚೋಕ್ ಇರೋ ನಳಿಗೆಗೆ ಹಾಕ್ತಿದ್ದ ಗುರುತು ಅದು, ಒಂಟಿ ಗುಂಡು ಹಾಕಬೇಡಿ, ಬಾಯೀಲಿ ಸಿಕ್ಕಿಕೊಳ್ಳುತ್ತೆ ಅಂತ ಎಚ್ಚರಿಕೆ. ಆಮೇಲೆ ಅದರ ಬದಲು ಚೋಕ್ ಅಂತಲೇ ಹೊಡೆಯೋಕೆ ಶುರು ಮಾಡಿದ್ರು. ಎಷ್ಟು ಬಿಗಿ ಅಂತ ಆ ಗುರುತು ಹೇಳಲ್ಲ, ಗೇಜ್ ಇರೋ ಗನ್‌ಸ್ಮಿತ್ ಬಾಯಿ ಅಳೀಬೇಕು. 12 ಬೋರ್ ಒಳ ಅಗಲ ಸುಮಾರು 18.5 ಮಿಲಿಮೀಟರ್, ಫುಲ್ ಚೋಕಲ್ಲಿ ಬಾಯಿ ಹತ್ರ ಅದಕ್ಕಿಂತ ಒಂದು ಮಿಲಿಮೀಟರಿನಷ್ಟು ಕಮ್ಮಿ ಇರುತ್ತೆ, ಇಷ್ಟು ಸಣ್ಣ ವ್ಯತ್ಯಾಸ ನಾಣ್ಯ ಹಾಕಿ ನೋಡಿ ಹೇಳೋದಲ್ಲ. ಇಟಲಿ ಕೋವಿ ಆದ್ರೆ ನಕ್ಷತ್ರ ಇರುತ್ತೆ, ಒಂದು ನಕ್ಷತ್ರ ಫುಲ್, ನಾಲ್ಕು ಅಂದ್ರೆ ಇಂಪ್ರೂವ್ಡ್ ಸಿಲಿಂಡರ್.

ಆ ಕಾಲದ ಕೋವಿ ಕರಿ ಮದ್ದಿಗೆ ಪರೀಕ್ಷೆ ಆಗಿದ್ದು. ಆಮೇಲೆ ಯಾರಾದ್ರೂ ನೈಟ್ರೋ ಪ್ರೂಫ್, ಅಂದ್ರೆ ಈಗಿನ ಹೊಗೆ ಇಲ್ಲದ ಮದ್ದಿಗೆ ಪರೀಕ್ಷೆ ಮಾಡಿಸಿದ ಗುರುತು ಇಲ್ಲದೇ ಇದ್ರೆ ಈಗಿನ ಯಾವ ತೋಟಾನೂ ಬೇಡ, ಸ್ಪ್ರೆಡರೂ ಬೇಡ. ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಠೇವಣಿ ಇಟ್ಟು ವಾಪಸ್ ತಂದ ಮೇಲೆ ನಳಿಗೆ ಬಿಚ್ಚಿ ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿ ನೋಡಿ. ಮಳೆಗಾಲದ ತುಕ್ಕು ಒಂದು ಕಡೆ, ಕಣಜ ಒಳಗೆ ಮಣ್ಣು ಮೆತ್ತಿ ಗೂಡು ಕಟ್ಟಿರುತ್ತೆ, ಹೊರಗಿಂದ ಗೊತ್ತೇ ಆಗಲ್ಲ. ಅದರ ಮೇಲೆ ಒಂದು ಈಡು ಹೋದ್ರೆ ಎಂಥ ಗಟ್ಟಿ ನಳಿಗೆನೂ ಬಿರಿಯುತ್ತೆ.

ಪ್ರಶ್ನೆ: ಕೊಪ್ಪ. ಬಾಯಿಂದ ಮದ್ದು ತುಂಬೋ ಕೇಪಿನ ಕೋವಿಗೂ ಚೋಕ್ ಇರುತ್ತಾ? ನಮ್ಮಜ್ಜ ತೆಂಗಿನ ನಾರು ಜಾಸ್ತಿ ಜಡಿದ್ರೆ ಚರೆ ಒತ್ತಾಗಿ ಹೋಗುತ್ತೆ ಅಂತಿದ್ರು.

ಉತ್ತರ: ನಮ್ಮ ಕಡೆಯ ಮಾಮೂಲಿ ಕೇಪಿನ ಕೋವಿಗೆ ಚೋಕ್ ಇರಲ್ಲ, ಸಿಲಿಂಡರ್. ಹತ್ತಿರಕ್ಕೇ ಹರಡುತ್ತೆ, ಸ್ಪ್ರೆಡರ್ ಮಾಡೋ ಕೆಲಸನ ಅದು ಹುಟ್ಟಿನಿಂದಲೇ ಮಾಡುತ್ತೆ. ನಾರಿನ ಕೆಲಸ ಮದ್ದಿನ ಹೊಗೆ ಚರೆ ಮಧ್ಯೆ ನುಗ್ಗದ ಹಾಗೆ ತಡೆಯೋದು, ಆ ಮಟ್ಟಿಗೆ ಅಜ್ಜನ ಮಾತಲ್ಲಿ ಸತ್ಯ ಇದೆ, ಹೊಗೆ ನುಗ್ಗಿದ್ರೆ ಚರೆ ಚೆಲ್ಲಾಪಿಲ್ಲಿ ಆಗುತ್ತೆ. ಜಾಸ್ತಿ ಜಡಿದ್ರೆ ಒತ್ತಡ ಮಾತ್ರ ಏರುತ್ತೆ.

ಪ್ರಶ್ನೆ: ಮೂಡಿಗೆರೆ. ಉದ್ದ ನಳಿಗೆ ಇದ್ರೆ ಚರೆ ಒತ್ತಾಗಿ ದೂರ ಹೋಗುತ್ತೆ ಅಂತಾರಲ್ಲ?

ಉತ್ತರ: ಇಲ್ಲ. ಹರವು ತೀರ್ಮಾನ ಮಾಡೋದು ಚೋಕು ಮತ್ತು ತೋಟಾ. ಉದ್ದ ನಳಿಗೆ ತಿರುಗಿಸುವಾಗ ಒಂದೇ ಸಮ ಸಾಗುತ್ತೆ, ಗುರಿ ಹಿಡಿಯೋಕೆ ಹಿತ, ಅಷ್ಟೇ.

ಪ್ರಶ್ನೆ: ಅರಕಲಗೂಡು. ಪ್ಯಾಟರ್ನ್ ಪೇಪರ್ ನಮ್ಮ ತೋಟದಲ್ಲೇ ಕಟ್ಟಿ ನೋಡಬಹುದಾ? ಪಕ್ಕದ ಕೊಡಗಲ್ಲಿ ಲೈಸೆನ್ಸೇ ಬೇಡ ಅಂತಾರೆ, ನಾವು ಗಡಿಯಲ್ಲೇ ಇದೀವಿ.

ಉತ್ತರ: ಕೊಡಗಿನ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರ ಕೊಟ್ಟಿರೋದು, 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿದಾರೆ. ಗಡಿ ಪಕ್ಕ ಇದೀವಿ ಅಂತ ಹಾಸನ ಜಿಲ್ಲೆಯವರಿಗೆ ಅದು ಬರಲ್ಲ, ಮತ್ತೆ ಆ ವಿನಾಯಿತಿ ಇರೋದು ಕೋವಿ ಲೈಸೆನ್ಸಿಗೆ, ಅಲ್ಲೂ ಕಾಡುಹಕ್ಕಿ ಹೊಡೆಯೋ ಹಾಗಿಲ್ಲ. ತೋಟದಲ್ಲಿ ಪೇಪರ್ ಕಟ್ಟಿ ಹೊಡೆಯೋದೂ ಬೇಡ. ಸಣ್ಣ ಚರೆನೇ 200 ಗಜ ದಾಟಿ ಹೋಗುತ್ತೆ, ಕಾಫಿ ಗಿಡದ ಮರೇಲಿ ಕಳೆ ಕೀಳ್ತಿರೋ ಆಳು ನಿಮಗೆ ಕಾಣಲ್ಲ. ನಿಮ್ಮ ಲೈಸೆನ್ಸ್ ಪುಸ್ತಕ ಹಿಡ್ಕೊಂಡು ಮೊದಲು ಠಾಣೇಲಿ ವಿಚಾರಿಸಿ, ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರೋ ಅಧಿಕೃತ ರೇಂಜ್‌ಗೆ ಅಲ್ಲಿನ ರೈಫಲ್ ಕ್ಲಬ್ ಮೂಲಕ ಹೋಗಿ. ಪೇಪರ್ ಸುರುಳಿ, ಅಳತೆ ಟೇಪು, ಮಾರ್ಕರ್ ಪೆನ್ನು ನೀವೇ ತಗೊಂಡು ಹೋಗಿ, ಹೊಡೆದ ಒಂದೊಂದು ಪೇಪರ್ ಮೇಲೂ ತೋಟಾ ಹೆಸರು, ಚರೆ ನಂಬರ್, ಎಷ್ಟು ಗಜ, ಬಲವೋ ಎಡವೋ ಅಂತ ಆಗಲೇ ಬರ್ಕೊಳ್ಳಿ. ಆ ಪೇಪರ್‌ಗಳ ಫೋಟೋ ಕಳಿಸಿದ್ರೆ ಮುಂದಿನ ಸಂಚಿಕೇಲಿ ನಿಮ್ಮ ಕೋವಿ ಎಂಥ ಹರವು ಕೊಡ್ತಿದೆ ಅಂತ ಎಣಿಸಿ ಹೇಳ್ತೀವಿ.